ಜ್ಯಾಕ್ ರಸೆಲ್ ಟೆರಿಯರ್ ಸಾಕಬೇಕೆಂದಿರುವ ಕರಾವಳಿಯವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ನಾಯಿಯನ್ನು ಹಿಡಿದುಕೊಂಡು ಹೊರಗೆ ಹೋದರೆ ಸಾಕು, ಯಾರಾದರೂ ನಿಲ್ಲಿಸಿ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚಾಗಿ ಅವೇ. ಮರಿ ತರುವ ಮೊದಲು ಓದಿದರೆ ಉಪಯೋಗವಾದೀತು ಅಂತ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ. ನಮ್ಮ ಮಂಗಳೂರು, ಉಡುಪಿಯ ಮಳೆ, ತೋಟ, ಉಣ್ಣಿ, ಹಾವು ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಇದು ಎಂತ ನಾಯಿ? ಎಲ್ಲಿಯದು?

ಇಂಗ್ಲೆಂಡಿನದು. ಡೆವನ್ ಎಂಬಲ್ಲಿ ಜಾನ್ ರಸೆಲ್ ಅಂತ ಒಬ್ಬರು ಪಾದ್ರಿ ಇದ್ದರು, 1795ರಲ್ಲಿ ಹುಟ್ಟಿ 1883ರಲ್ಲಿ ತೀರಿಕೊಂಡವರು. ಜನ ಅವರನ್ನು ಜ್ಯಾಕ್ ಅಂತ ಕರೆಯುತ್ತಿದ್ದರು. ನರಿ ಬೇಟೆ ಅಂದರೆ ಅವರಿಗೆ ಪ್ರಾಣ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನ ಹತ್ತಿರ ಒಂದು ಬಿಳಿ ಹೆಣ್ಣು ಟೆರಿಯರ್ ಅವರ ಕಣ್ಣಿಗೆ ಬಿತ್ತು. ಕಣ್ಣು ಮತ್ತು ಕಿವಿಯ ಮೇಲೆ ಕಂದು ಮಚ್ಚೆ, ಬಾಲದ ಬುಡದಲ್ಲಿ ನಾಣ್ಯದಷ್ಟಗಲ ಇನ್ನೊಂದು. ಹೆಸರು ಟ್ರಂಪ್. ಅಲ್ಲೇ ಕೊಂಡುಕೊಂಡರು. ಈ ತಳಿಯ ಕಥೆ ಶುರುವಾಗುವುದು ಅದೇ ನಾಯಿಯಿಂದ.

ಕೆಲಸ ಎಂತ ಅಂದರೆ, ಬೇಟೆನಾಯಿಗಳಿಗೆ ಹೆದರಿ ನರಿ ಬಿಲ ಹೊಕ್ಕಾಗ ಈ ಸಣ್ಣ ನಾಯಿ ಹಿಂದೆಯೇ ನುಗ್ಗಬೇಕು. ಕೊಲ್ಲಬಾರದು. ಎದುರು ನಿಂತು ಬೊಗಳಿ ಹೊರಗೆ ಓಡಿಸಬೇಕು. ಹೊರಗೆ ಬರದಿದ್ದರೆ ಬೊಗಳುತ್ತಲೇ ಇರಬೇಕು, ಮೇಲಿನವರಿಗೆ ಎಲ್ಲಿ ಅಗೆಯಬೇಕು ಅಂತ ಆ ಸದ್ದಿನಿಂದಲೇ ಗೊತ್ತಾಗಬೇಕು. ಬಿಳಿ ಬಣ್ಣ ಬೇಕೆಂದದ್ದೂ ಇದಕ್ಕೇ, ಮಣ್ಣು ಮೆತ್ತಿಕೊಂಡು ಹೊರಬಂದಾಗ ನರಿಯೋ ನಾಯಿಯೋ ಅಂತ ಗೊಂದಲ ಆಗಬಾರದು. ಅಗೆಯುವುದು, ಬೊಗಳುವುದು, ಹಠ, ಧೈರ್ಯ, ನೀವು ಹೇಳುವುದಕ್ಕೆ ಕಾಯದೆ ತಾನೇ ತೀರ್ಮಾನ ಮಾಡುವುದು, ಎಲ್ಲದರ ಬೇರು ಆ ಬಿಲದಲ್ಲೇ ಉಂಟು. ಇದು ತಲೆಗೆ ಹೋದರೆ ಮುಂದಿನ ಪ್ರಶ್ನೆಗಳಲ್ಲಿ ಅರ್ಧ ತಾನಾಗಿ ಬಗೆಹರಿಯುತ್ತದೆ.

ಎಷ್ಟು ದೊಡ್ಡದಾಗ್ತದೆ? ಪಾರ್ಸನ್ ರಸೆಲ್ ಅಂದರೆ ಬೇರೆಯಾ?

ಭುಜದವರೆಗೆ 25ರಿಂದ 30 ಸೆಂಟಿಮೀಟರ್, ತೂಕ 5–6 ಕಿಲೋ. ಮುಂಗಾಲಿನ ಹಿಂದೆ ಎದೆಯನ್ನು ಎರಡೂ ಕೈಯಿಂದ ಸುತ್ತಿ ಹಿಡಿಯಲು ಬರಬೇಕು, ಬಿಲದೊಳಗೆ ಹೋಗುವ ನಾಯಿಗೆ ಅದೇ ಅಳತೆ. ಪಾರ್ಸನ್ ರಸೆಲ್ ಅದೇ ಪಾದ್ರಿಯ ನಾಯಿಗಳಿಂದ ಬಂದದ್ದು, ಕಾಲು ಉದ್ದ, ಎತ್ತರ 33–36 ಸೆಂಟಿಮೀಟರ್. ಜ್ಯಾಕ್ ರಸೆಲ್ ಗಿಡ್ಡ, ಉದ್ದ ಮೈ. ಇದನ್ನು ಈಗಿನ ರೂಪಕ್ಕೆ ತಂದದ್ದು ಹೆಚ್ಚಾಗಿ ಆಸ್ಟ್ರೇಲಿಯಾದವರು. ಇಂಗ್ಲೆಂಡಿನ ಕೆನಲ್ ಕ್ಲಬ್ ತನ್ನ ದೇಶದ್ದೇ ಈ ನಾಯಿಯನ್ನು ಪ್ರತ್ಯೇಕ ತಳಿ ಅಂತ ಒಪ್ಪಿದ್ದು 2016ರಲ್ಲಿ.

ಕೂದಲು ಮೂರು ಬಗೆ: ನುಣುಪು, ಒರಟು, ಇವೆರಡರ ನಡುವಿನದು. ನನ್ನನ್ನು ಕೇಳಿದರೆ ನಮ್ಮೂರಿಗೆ ನುಣುಪು ಕೂದಲಿನದೇ ಸರಿ. ಬೇಗ ಒಣಗುತ್ತದೆ, ಉಣ್ಣಿ ಕಣ್ಣಿಗೆ ಬೀಳುತ್ತದೆ. ಆದರೆ ಗಿಡ್ಡ ಕೂದಲಾದರೂ ಉದುರುವುದು ಕಡಿಮೆ ಇಲ್ಲ, ಕಪ್ಪು ಪ್ಯಾಂಟಿನ ಮೇಲೆ ಚೆನ್ನಾಗಿ ಕಾಣುತ್ತದೆ.

ಫ್ಲ್ಯಾಟಿನಲ್ಲಿ ಸಾಕಬಹುದಾ?

ಸಾಕಬಹುದು, ಆದರೆ ಸಣ್ಣ ನಾಯಿ ಅಲ್ವಾ, ಬಾಲ್ಕನಿಯಲ್ಲಿ ಓಡಾಡಿಕೊಂಡಿರ್ತದೆ ಅಂತ ತರಬೇಡಿ. ಆರು ಕಿಲೋದ ನಾಯಿ ಹೌದು, ಅದರ ದಮ್ಮು ಮಾತ್ರ ಆರು ಕಿಲೋದ್ದಲ್ಲ. ದಿನಕ್ಕೆ ಕಡಿಮೆಯೆಂದರೂ ಒಂದು ಗಂಟೆ ಹೊರಗೆ ಓಡಬೇಕು, ಅದರ ಮೇಲೆ ತಲೆಗೂ ಕೆಲಸ ಬೇಕು. ಕದ್ರಿ, ಬಿಜೈ, ಮಣಿಪಾಲ ಕಡೆಯ ಫ್ಲ್ಯಾಟುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಬಾಗಿಲು ಹಾಕಿ ಸಂಜೆ ಏಳಕ್ಕೆ ಬರುವವರಾದರೆ, ದಯವಿಟ್ಟು ಬೇಡ. ಸೋಫಾ ಹರಿಯುವುದು ಸಣ್ಣ ವಿಷಯ. ಬೇಸರದಲ್ಲಿ ತನ್ನ ಕಾಲನ್ನೇ ನೆಕ್ಕಿ ನೆಕ್ಕಿ ಗಾಯ ಮಾಡಿಕೊಳ್ಳುವ ನಾಯಿಯನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಗೇಟಿಗೆ ಕಟ್ಟಿ ಹಾಕಿ ಕಾವಲಿಗೆ ಇಟ್ಟುಕೊಳ್ಳಬಹುದಾ?

ಬೇಡ. ಯಾರು ಬಂದರೂ ಬೊಗಳಿ ಹೇಳುತ್ತದೆ, ಅದು ನಿಜ. ಆದರೆ ಸರಪಳಿಯಲ್ಲಿ ಕಟ್ಟಿದ ಟೆರಿಯರ್ ಕೆಲವೇ ತಿಂಗಳಲ್ಲಿ ಸಿಡುಕು ನಾಯಿಯಾಗುತ್ತದೆ. ಇಡೀ ದಿನ ಗೂಡಿನಲ್ಲಿಟ್ಟು ರಾತ್ರಿ ಬಿಡುವ ಕ್ರಮ ನಮ್ಮಲ್ಲಿ ತುಂಬಾ ಮನೆಗಳಲ್ಲಿ ಉಂಟು. ಯಾವ ನಾಯಿಗೂ ಅದು ಒಳ್ಳೆಯದಲ್ಲ, ಇದಕ್ಕಂತೂ ಅದು ಶಿಕ್ಷೆ.

ಅಂಗಳ ಪೂರ್ತಿ ಅಗೆದು ಹಾಕಿದೆ. ಬಿಡಿಸುವುದು ಹೇಗೆ?

ಬಿಡಿಸಲಿಕ್ಕೆ ಆಗುವುದಿಲ್ಲ. ಜಾಗ ಬದಲಿಸಬಹುದು. ಹಿತ್ತಿಲಿನ ಒಂದು ಮೂಲೆಯಲ್ಲಿ, ನೆರಳು ಇರುವ ಕಡೆ, ನಾಲ್ಕಡಿ ಅಗಲದ ಗುಂಡಿ ಮಾಡಿ ಹೊಯಿಗೆ ತುಂಬಿಸಿ. ಅದರಲ್ಲಿ ಆಟಿಕೆಯೋ, ತೆಂಗಿನ ಸಿಪ್ಪೆಯ ತುಂಡೋ ಹೂತಿಡಿ. ಮಲ್ಲಿಗೆ ಬುಡದಲ್ಲಿ ಅಗೆಯಲು ಹೋದಾಗ ಬೈಯದೆ ಕರೆದುಕೊಂಡು ಬಂದು ಇಲ್ಲಿ ಬಿಡಿ. ಒಂದಷ್ಟು ದಿನ ಬೇಸರಿಸದೆ ಮಾಡಿದರೆ ತನ್ನ ಜಾಗ ಯಾವುದು ಅಂತ ಕಲಿಯುತ್ತದೆ.

ಪಾಗಾರದ ಬುಡ ನೋಡಿಕೊಳ್ಳಿ. ಕೆಂಪುಕಲ್ಲಿನ ಪಾಗಾರದ ಅಡಿಯಲ್ಲಿ ಮಳೆನೀರು ಹೋಗಲು ಬಿಟ್ಟ ಕಂಡಿ ಇದ್ದರೆ ಅದರಲ್ಲೇ ದಾರಿ ಮಾಡಿಕೊಳ್ಳುತ್ತದೆ, ಅಲ್ಲಿ ಸರಳು ಕೂರಿಸಿ. ನಾಲ್ಕಡಿ ಪಾಗಾರ ಸಾಕು ಅಂದುಕೊಳ್ಳಬೇಡಿ, ಅದನ್ನು ಆರಾಮವಾಗಿ ಹಾರುವ ರಸೆಲ್‌ಗಳುಂಟು. ಇನ್ನೊಂದು, ಬಾವಿ. ಹಳೆಯ ಮನೆಗಳಲ್ಲಿ, ತೋಟದ ಮಧ್ಯೆ, ಕಟ್ಟೆ ಇಲ್ಲದ ಬಾವಿಗಳು ಇನ್ನೂ ಇವೆ. ಇಲಿಯ ಹಿಂದೆ ಓಡುವಾಗ ಈ ನಾಯಿಗೆ ಎದುರಿಗೆ ಬಾವಿ ಇದೆಯೋ ಕೆರೆ ಇದೆಯೋ ಗೊತ್ತಾಗುವುದಿಲ್ಲ. ಬಲೆ ಹಾಕಿಸದೆ ನಾಯಿಯನ್ನು ತೋಟಕ್ಕೆ ಬಿಡಬೇಡಿ.

ಹೆಗ್ಗಣ ಹಿಡಿಯುತ್ತದಾ? ತೋಟದಲ್ಲಿ ಕಾಟ ಜಾಸ್ತಿ ಉಂಟು.

ಹಿಡಿಯುತ್ತದೆ, ಚೆನ್ನಾಗಿಯೇ ಹಿಡಿಯುತ್ತದೆ. ಹಟ್ಟಿಯ ಬದಿಯಲ್ಲಿ ಕಟ್ಟಿಗೆ ರಾಶಿಯ ಎದುರು ನಿಂತಾಗ ನೋಡಬೇಕು. ಮೊದಲು ತಲೆ ಒಂದು ಬದಿಗೆ ವಾಲುತ್ತದೆ, ಆಮೇಲೆ ಇನ್ನೊಂದು ಬದಿಗೆ. ಮಡಚಿದ ಕಿವಿಯ ಬುಡ ಮಾತ್ರ ಮೆಲ್ಲ ಎದ್ದು ಮುಂದಕ್ಕೆ ಬರುತ್ತದೆ. ಒಂದು ಮುಂಗಾಲು ಮೇಲೆ, ಬಾಲದ ತುದಿಯಲ್ಲಿ ಸಣ್ಣ ನಡುಕ, ಉಸಿರಿನ ಸದ್ದೂ ಇಲ್ಲ. ಮತ್ತೆ ಒಂದೇ ಹಾರು. ಹಿಡಿದು ಎರಡು ಸಲ ತಲೆ ಕೊಡವಿದರೆ ಮುಗಿಯಿತು, ಕೆಳಗೆ ಹಾಕಿ ಮುಂದಿನದನ್ನು ಹುಡುಕುತ್ತದೆ.

ಆದರೆ ಹೆಗ್ಗಣ ಹಿಡಿಯಲಿ ಅಂತ ತರುವವರು ಎರಡು ವಿಷಯ ತಿಳಿದಿರಲೇಬೇಕು.

ಒಂದು, ಇಲಿ ಜ್ವರ. ನಮ್ಮ ಎರಡೂ ಜಿಲ್ಲೆಗಳಲ್ಲಿ ಮಳೆಗಾಲ ಬಂತೆಂದರೆ ಈ ಜ್ವರ ಗದ್ದೆ ಕೆಲಸದವರಿಗೆ, ತೋಟದವರಿಗೆ ಬರುವುದು ಎಲ್ಲರಿಗೂ ಗೊತ್ತು. ನಾಯಿಗೂ ಅದೇ ರೋಗಾಣು. ಇಲಿ ಹೆಗ್ಗಣಗಳ ಮೂತ್ರದಿಂದ ಒದ್ದೆ ಮಣ್ಣಿಗೆ, ನಿಂತ ನೀರಿಗೆ ಸೇರುತ್ತದೆ, ಕಾಲಿನ ಸಣ್ಣ ಗಾಯದಿಂದಲೂ ಬಾಯಿಯಿಂದಲೂ ಒಳಗೆ ಹೋಗುತ್ತದೆ. ಜ್ವರ, ವಾಂತಿ, ಊಟ ಬಿಡುವುದು, ಹಿಂದಿನ ಕಾಲು ಮತ್ತು ಸೊಂಟ ಮುಟ್ಟಿದರೆ ನೋವು, ಕಣ್ಣಿನ ಬಿಳಿಭಾಗ ಮತ್ತು ಒಸಡು ಹಳದಿ, ಇವು ಕಂಡರೆ ನಾಳೆ ನೋಡುವ ಅನ್ನಬೇಡಿ. ಕಿಡ್ನಿ, ಲಿವರ್ ಎರಡೂ ಬೇಗ ಕೆಡುತ್ತವೆ. ಬೇಗ ಹೋದರೆ ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗುವ ಕಾಯಿಲೆ ಇದು. ಲಸಿಕೆ ಉಂಟು. ಮೊದಲ ವರ್ಷ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಮಳೆಗೆ ಮೊದಲು, ಏಪ್ರಿಲ್ ಮೇ ಹೊತ್ತಿಗೆ, ಆ ವರ್ಷದ್ದು ಆಗಿರುವಂತೆ ನೋಡಿಕೊಳ್ಳಿ. ಲಸಿಕೆ ಎಲ್ಲ ಬಗೆಯ ರೋಗಾಣುವನ್ನೂ ತಡೆಯುವುದಿಲ್ಲ, ಹಾಗಾಗಿ ಲಸಿಕೆ ಆಗಿದೆ ಅಂತ ಲಕ್ಷಣಗಳನ್ನು ತಳ್ಳಿಹಾಕಬಾರದು. ನಾಯಿಗೆ ಬಂದರೆ ಅದರ ಮೂತ್ರದಿಂದ ನಿಮಗೂ ಬರಬಹುದು, ಗ್ಲೌಸ್ ಹಾಕಿಯೇ ತೊಳೆಯಿರಿ.

ಎರಡು, ವಿಷ. ತೋಟಕ್ಕೆ, ಅಂಗಡಿಯ ಹಿಂದೆ ಎಲ್ಲ ಇಲಿ ಪಾಷಾಣ ಇಡುತ್ತಾರೆ. ಕೇಕಿನ ತುಂಡಿನ ಹಾಗೆ ಬರುವ ಬ್ರೊಮಾಡಿಯೊಲೋನ್ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಿಷ. ತಿಂದ ದಿನ ನಾಯಿ ಆರಾಮವಾಗಿಯೇ ಇರುತ್ತದೆ, ಎರಡು ಮೂರು ದಿನ ಬಿಟ್ಟು ಒಸಡಿನಲ್ಲಿ ರಕ್ತ, ಸುಸ್ತು, ಉಬ್ಬಸ. ವಿಷ ತಿಂದ ಇಲಿಯನ್ನು ತಿಂದರೂ ಅಪಾಯ ಉಂಟು. ಇದಕ್ಕೆ ವಿಟಮಿನ್ ಕೆ1 ಮದ್ದು, ವಾರಗಟ್ಟಲೆ ಕೊಡಬೇಕಾಗುತ್ತದೆ. ಇನ್ನೊಂದು ಕಪ್ಪು ಪುಡಿ, ಜಿಂಕ್ ಫಾಸ್ಫೈಡ್, ಅದಕ್ಕೆ ಇಂಥ ಪ್ರತಿಮದ್ದೇ ಇಲ್ಲ. ಹೊಟ್ಟೆಯೊಳಗೆ ವಿಷಗಾಳಿ ಬಿಡುತ್ತದೆ, ಗಂಟೆಗಳಲ್ಲಿ ಜೀವ ಹೋಗಬಹುದು. ಮನೆಯಲ್ಲಿ ಟೆರಿಯರ್ ಇದ್ದರೆ ವಿಷ ಇಡಬೇಡಿ, ಅಕ್ಕಪಕ್ಕದವರ ಹತ್ತಿರವೂ ಹೋಗಿ ಹೇಳಿ ಬನ್ನಿ. ತಿಂದದ್ದು ಗೊತ್ತಾದರೆ ಪ್ಯಾಕೆಟ್ ಹಿಡಿದುಕೊಂಡೇ ಡಾಕ್ಟರ ಹತ್ತಿರ ಓಡಿ, ಯಾವ ವಿಷ ಅಂತ ಅವರಿಗೆ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಅಡಿಕೆಗೆ ಮದ್ದು ಬಿಡುವ ದಿನವೂ ನಾಯಿಯನ್ನು ಒಳಗೇ ಇಡಿ. ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತು, ಡ್ರಮ್ಮಿನ ಬುಡದಲ್ಲಿ ನಿಂತ ನೀಲಿ ನೀರನ್ನು ನೆಕ್ಕಿದರೆ ಹೊಟ್ಟೆ ಸುಡುತ್ತದೆ.

ಹಾವು ಕಂಡರೆ ಏನು ಮಾಡುತ್ತದೆ?

ಬಿಡುವುದಿಲ್ಲ. ಊರ ನಾಯಿಗಳು ದೂರ ನಿಂತು ಬೊಗಳಿ ಬೊಗಳಿ ನಮ್ಮನ್ನು ಕರೆಯುತ್ತವೆ, ಅವುಗಳಿಗೆ ಆ ಬುದ್ಧಿ ಉಂಟು. ರಸೆಲ್ ಹತ್ತಿರವೇ ಹೋಗುತ್ತದೆ. ಕೆಲವರು ಇದನ್ನು ವೀಡಿಯೊ ಮಾಡಿ ಹಂಚುತ್ತಾರೆ, ನೋಡುವಾಗ ಮೈ ಜುಂ ಅನ್ನುತ್ತದೆ. ಆರು ಕಿಲೋದ ನಾಯಿಗೆ ನಾಗರ ಹಾವಿನ ಅಥವಾ ಕೊಳಕುಮಂಡಲದ ಒಂದು ಸರಿಯಾದ ಕಡಿತ ಸಾಕು, ದೊಡ್ಡ ನಾಯಿಯಷ್ಟೂ ಸಮಯ ಸಿಗುವುದಿಲ್ಲ.

ಕಚ್ಚಿದರೆ ನಡೆಸಬೇಡಿ, ಎತ್ತಿಕೊಳ್ಳಿ. ಕಟ್ಟುವುದು, ಕೊಯ್ಯುವುದು, ಸೊಪ್ಪಿನ ರಸ ಹಾಕುವುದು ಯಾವುದೂ ಬೇಡ. ಕುತ್ತಿಗೆಯ ಬೆಲ್ಟ್ ತೆಗೆಯಿರಿ, ಮುಖಕ್ಕೆ ಕಚ್ಚುವುದೇ ಹೆಚ್ಚು, ಬಾವು ಕುತ್ತಿಗೆಗೆ ಇಳಿಯುತ್ತದೆ. ಹೊರಡುವಾಗಲೇ ಫೋನ್ ಮಾಡಿ ವಿಷನಿರೋಧಕ ಇಂಜೆಕ್ಷನ್ ಉಂಟಾ ಅಂತ ಕೇಳಿ. ಮನುಷ್ಯರಿಗೆ ಕೊಡುವುದನ್ನೇ ನಾಯಿಗೂ ಕೊಡುತ್ತಾರೆ, ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ತೋಟದ ತರಗೆಲೆಯಲ್ಲಿ ಇರುವ, ಮೂತಿ ಮೇಲಕ್ಕೆ ತಿರುಗಿದ ಸಣ್ಣ ಗುಳಿಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ, ಬೇರೆ ಚಿಕಿತ್ಸೆ ಮಾಡಬೇಕಾಗುತ್ತದೆ. ರಾತ್ರಿ ಹೊತ್ತು ಯಾವ ಕ್ಲಿನಿಕ್ ತೆರೆದಿರುತ್ತದೆ ಅನ್ನುವುದನ್ನು ಮರಿ ತಂದ ವಾರವೇ ವಿಚಾರಿಸಿ ನಂಬರ್ ಬರೆದಿಡಿ.

ನಮ್ಮಲ್ಲಿ ಇನ್ನೊಂದು ವಿಷಯವೂ ಉಂಟು. ನಾಯಿ ನಾಗರ ಹಾವನ್ನು ಕೊಂದರೆ ಮನೆಯ ಹಿರಿಯರಿಗೆ ಅದು ಬರೀ ಒಂದು ಹಾವು ಸತ್ತ ವಿಷಯವಲ್ಲ. ಸಂಸ್ಕಾರ ಆಗಬೇಕು, ಪ್ರಶ್ನೆ ಇಡಬೇಕು, ಸುಬ್ರಹ್ಮಣ್ಯಕ್ಕೆ ಹೋಗಬೇಕು ಅನ್ನುತ್ತಾರೆ, ಆ ಮನಸ್ಸಿನ ನೋವು ನಿಜವಾದದ್ದು. ಹಿತ್ತಿಲಿನಲ್ಲಿ ನಾಗಬನ ಇದ್ದರೆ ಅದರ ಸುತ್ತ ಗಟ್ಟಿ ಬೇಲಿ ಇಲ್ಲದೆ ಈ ನಾಯಿ ಬೇಡವೇ ಬೇಡ. ಬನದ ಮಣ್ಣು ಮೆದು, ಹುತ್ತ ಇರುತ್ತದೆ, ಇದಕ್ಕೆ ಅಗೆಯಲು ಅದಕ್ಕಿಂತ ಇಷ್ಟದ ಜಾಗ ಇನ್ನೊಂದಿಲ್ಲ.

ಕೋಳಿ, ಬೆಕ್ಕು ಇರುವ ಮನೆಗೆ ಆಗುತ್ತದಾ?

ಕಷ್ಟ. ಎರಡು ತಿಂಗಳಿನಿಂದಲೇ ಒಟ್ಟಿಗೆ ಬೆಳೆದ ಬೆಕ್ಕನ್ನು ಒಪ್ಪಿಕೊಳ್ಳಬಹುದು, ಪಕ್ಕದ ಮನೆಯ ಬೆಕ್ಕನ್ನು ಅಲ್ಲ. ಕೋಳಿಯನ್ನಂತೂ ನಂಬಿ ಬಿಡಲಿಕ್ಕೆ ಆಗುವುದಿಲ್ಲ. ಪಕ್ಕದವರು ಕೋಳಿ ಅಂಕಕ್ಕೆ (ಕಾಳಗಕ್ಕೆ) ಅಂತ ಸಾಕಿದ ಹುಂಜ ಪಾಗಾರ ಹಾರಿ ಬಂತು ಅಂದುಕೊಳ್ಳಿ, ಹಣ ಕೊಟ್ಟರೂ ಆ ಮನಸ್ತಾಪ ಮುಗಿಯುವುದಿಲ್ಲ. ನವಿಲು, ಮುಂಗುಸಿ, ಮೊಲ ಇವೆಲ್ಲ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ನಾಯಿಯನ್ನು ಬಿಟ್ಟು ಹಿಡಿಸುವುದು ಬೇಟೆಯೇ.

ಮಳೆಗಾಲದಲ್ಲಿ ಹೇಗೆ ನೋಡಿಕೊಳ್ಳುವುದು?

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಾಯಿಗೆ ಮಳೆಯಿಂದ ತೊಂದರೆ ಇಲ್ಲ, ಒದ್ದೆಯಾಗಿಯೇ ಉಳಿಯುವುದರಿಂದ ತೊಂದರೆ. ಹೊರಗಿನಿಂದ ಬಂದ ಕೂಡಲೇ ಹಳೆಯ ಬೈರಾಸಿನಿಂದ ಒರೆಸಿ. ಬೆನ್ನು ಒರೆಸಿ ಬಿಡುವುದಲ್ಲ, ತೊಡೆಸಂದಿ, ಕಂಕುಳು, ಬೆರಳುಗಳ ಮಧ್ಯೆ. ಕಿವಿ ಮಡಚಿಕೊಂಡಿರುವ ನಾಯಿ ಇದು, ಎತ್ತಿ ಮೂಸಿ ನೋಡಿ, ಹುಳಿ ವಾಸನೆ ಬಂದರೆ ಒಳಗೆ ಫಂಗಸ್ ಶುರುವಾಗಿದೆ ಅಂತ ಲೆಕ್ಕ. ಆಟಿಯ ಮಳೆಯಲ್ಲಿ ಮಲಗುವ ಗೋಣಿ ಒಣಗುವುದೇ ಇಲ್ಲ, ಹಾಗಾಗಿ ಮೂರು ನಾಲ್ಕು ಇಟ್ಟುಕೊಳ್ಳಿ. ನೆಲಕ್ಕಿಂತ ಸ್ವಲ್ಪ ಎತ್ತರದ ಹಲಗೆಯ ಮೇಲೆ ಮಲಗಿಸಿ. ಸ್ನಾನ ತಿಂಗಳಿಗೊಂದು ಸಾಕು.

ಮಳೆಯ ದಿನ ಓಡಿಸುವುದು ಹೇಗೆ ಅಂತ ಕೇಳುತ್ತಾರೆ. ಚಾವಡಿಯಲ್ಲೇ ಆಟ ಆಡಿಸಿ. ಹಳೆ ಬಟ್ಟೆಯಲ್ಲಿ ತಿಂಡಿ ಸುತ್ತಿ ಮಂಚದ ಅಡಿ, ಬಾಗಿಲ ಹಿಂದೆ ಅಡಗಿಸಿಟ್ಟು ಹುಡುಕಲು ಬಿಡಿ. ಹತ್ತು ನಿಮಿಷ ಮೂಗಿನ ಕೆಲಸ ಮಾಡಿದರೆ ಅರ್ಧ ಗಂಟೆ ನಡೆದಷ್ಟು ತೃಪ್ತಿಯಾಗಿ ಮಲಗುತ್ತದೆ.

ಕಪ್ಪೆಗಳ ಕಾಲವೂ ಅದೇ. ನೆಲಗಪ್ಪೆಗೆ ಬಾಯಿ ಹಾಕಿ ನೊರೆ ಸುರಿಸುತ್ತಾ ಬಂದರೆ ಬಾಯಿಯನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ, ನೀರು ಗಂಟಲಿಗೆ ಹೋಗದ ಹಾಗೆ ತಲೆ ಕೆಳಗೆ ಮಾಡಿ.

ಉಣ್ಣಿಗೆ ಎಂತ ಮಾಡುವುದು?

ದಿನಾ ಕೈಯಾಡಿಸಬೇಕು, ಬೇರೆ ದಾರಿ ಇಲ್ಲ. ಕಿವಿಯ ಒಳಮಡಿಕೆ, ಕುತ್ತಿಗೆಯ ಬೆಲ್ಟಿನ ಅಡಿ, ಕಾಲ್ಬೆರಳ ಸಂದಿ, ಬಾಲದ ಅಡಿ. ಬೆರಳಿನ ತುದಿಗೆ ಸಣ್ಣ ಗಂಟಿನ ಹಾಗೆ ಸಿಗುತ್ತದೆ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಸೀಮೆಎಣ್ಣೆ ಬಿಡುವುದು, ಕಡ್ಡಿ ಗೀರಿ ಸುಡುವುದು ಬೇಡ. ಉಣ್ಣಿಯಿಂದ ಬರುವ ಜ್ವರ ನಮ್ಮ ಕಡೆ ತುಂಬಾ ನಾಯಿಗಳನ್ನು ಕೊಲ್ಲುತ್ತದೆ. ಊಟ ಬಿಟ್ಟಿತು, ಮೈ ಬಿಸಿ, ಒಸಡು ಬಿಳಿಚಿಕೊಂಡಿದೆ, ಮೂಗಿನಲ್ಲಿ ರಕ್ತ, ಮೂತ್ರ ಕಾಫಿ ಬಣ್ಣ, ಇದರಲ್ಲಿ ಯಾವುದು ಕಂಡರೂ ರಕ್ತಪರೀಕ್ಷೆ ಮಾಡಿಸಿ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಮಾತ್ರೆ ಸಿಗುತ್ತದೆ, ತೂಕ ನೋಡಿಯೇ ಕೊಡಬೇಕು. ನಾಯಿಗೆ ಫಿಟ್ಸ್ ಬಂದದ್ದುಂಟಾದರೆ ಡಾಕ್ಟರಿಗೆ ಮೊದಲೇ ಹೇಳಿ. ಹಟ್ಟಿಯಲ್ಲಿ ದನಕ್ಕೆ ತಂದಿಟ್ಟ ಉಣ್ಣಿ ಮದ್ದನ್ನು ಅಂದಾಜಿಗೆ ನಾಯಿಗೆ ಹಚ್ಚುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಜ್ವರಕ್ಕೆ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಸಹ ಕೊಡಬೇಡಿ. ಇಷ್ಟು ಸಣ್ಣ ಮೈಗೆ ಅದು ವಿಷ.

ಬೇಸಿಗೆಯ ಸೆಕೆ ತಡೆಯುತ್ತದಾ?

ಏಪ್ರಿಲ್ ಮೇಯಲ್ಲಿ ಕಷ್ಟಪಡುತ್ತದೆ. ನಾಯಿ ಮೈ ತಣಿಸಿಕೊಳ್ಳುವುದು ನಾಲಿಗೆ ಹೊರಹಾಕಿ ಏದುಸಿರು ಬಿಟ್ಟು, ಗಾಳಿಯಲ್ಲೇ ತೇವ ತುಂಬಿದ್ದರೆ ಅದು ಸರಿಯಾಗಿ ಆಗುವುದಿಲ್ಲ. ಇದಕ್ಕೆ ಸುಸ್ತಾದರೂ ನಿಲ್ಲಿಸಲು ಗೊತ್ತಿಲ್ಲ, ಚೆಂಡು ಎಸೆಯುವಷ್ಟು ಹೊತ್ತೂ ಓಡುತ್ತದೆ. ನೀವೇ ನಿಲ್ಲಿಸಬೇಕು. ಬೆಳಗ್ಗೆ ಏಳರೊಳಗೆ, ಸಂಜೆ ಬಿಸಿಲು ಇಳಿದ ಮೇಲೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದರೆ ಕೈಯ ಹಿಂಬದಿ ಇಟ್ಟು ನೋಡಿ, ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯುವುದಿಲ್ಲ. ತಲೆ ತಿರುಗಿ ವಾಲುತ್ತಿದೆ, ನಾಲಿಗೆ ಕಡು ಕೆಂಪು ಅಂದರೆ ನಲ್ಲಿ ನೀರು ಸುರಿದು ಫ್ಯಾನಿನ ಕೆಳಗೆ ಹಾಕಿ, ಹಾಗೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಊಟಕ್ಕೆ ಎಂತ ಕೊಡುವುದು? ಅನ್ನ ಮೀನು ಸಾಕಾ?

ದಿನಕ್ಕೆ ಸುಮಾರು 400–450 ಕಿಲೋಕ್ಯಾಲರಿ ಸಾಕು, ನಾವು ಅಂದುಕೊಳ್ಳುವುದಕ್ಕಿಂತ ತುಂಬಾ ಕಡಿಮೆ. ಎರಡು ಹೊತ್ತಿಗೆ ಹಂಚಿ ಕೊಡಿ. ಕುಚ್ಚಲಕ್ಕಿ ಅನ್ನ ಕೊಡಬಹುದು, ಆದರೆ ಬಟ್ಟಲು ತುಂಬ ಅನ್ನ, ಮೇಲೆ ಎರಡು ತುಂಡು ಮೀನು ಅಂದರೆ ಸಾಲುವುದಿಲ್ಲ. ಮೊಟ್ಟೆ, ಕೋಳಿ, ಮೀನು ಇವುಗಳ ಪಾಲು ದೊಡ್ಡದಿರಬೇಕು. ಬೂತಾಯಿ, ಬಂಗುಡೆ ಒಳ್ಳೆಯದು, ಉಪ್ಪು ಖಾರ ಹಾಕದೆ ಬೇಯಿಸಿ ಮುಳ್ಳು ತೆಗೆದು ಕೊಡಿ. ಮನೆಯ ಊಟವನ್ನೇ ಕೊಡುವುದಾದರೆ ಕ್ಯಾಲ್ಸಿಯಂ ಎಷ್ಟು ಬೇಕೆಂದು ಡಾಕ್ಟರನ್ನು ಕೇಳಿ, ಇಲ್ಲದಿದ್ದರೆ ಒಳ್ಳೆಯ ಡಾಗ್ ಫುಡ್ಡೇ ಸುಲಭ.

ಕೊಡಬಾರದ್ದು: ಈರುಳ್ಳಿ ಬೆಳ್ಳುಳ್ಳಿ ಬಿದ್ದ ಗಸಿ, ಚಾಕೊಲೇಟ್, ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ, ಬೇಯಿಸಿದ ಕೋಳಿ ಮೂಳೆ. ಮಾವಿನ ಗೊರಟು, ಹಲಸಿನ ಬೀಜ ಈ ನಾಯಿಯ ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಹಣ್ಣಿನ ಕಾಲದಲ್ಲಿ ಮರದ ಬುಡ ದಿನಾ ಗುಡಿಸಿ.

ಮಕ್ಕಳ ಜೊತೆ ಹೊಂದಿಕೊಳ್ಳುತ್ತದಾ?

ಎಂಟು ಹತ್ತು ವರ್ಷದ, ಓಡಾಡುವ ಮಕ್ಕಳಿಗೆ ಒಳ್ಳೆಯ ಜೊತೆ. ಅಂಬೆಗಾಲಿಡುವ ಮಗು ಇದ್ದರೆ ಬೇಡ ಅನ್ನುತ್ತೇನೆ. ಬಾಲ ಎಳೆದರೆ, ತಿನ್ನುವಾಗ ಬಟ್ಟಲಿಗೆ ಕೈ ಹಾಕಿದರೆ ಸಹಿಸಿಕೊಳ್ಳುವ ಸ್ವಭಾವ ಇದರದ್ದಲ್ಲ.

ತುಂಬಾ ಬೊಗಳುತ್ತದೆ. ಕೋಲದ ದಿನ ಕದಿನ (ಸಿಡಿಮದ್ದು) ಹೊಡೆದರೆ ಹೆದರುತ್ತದೆ.

ಬೊಗಳುವುದು ಬೇಸರಕ್ಕೋ ಕಾರಣಕ್ಕೋ ಅಂತ ಮೊದಲು ನೋಡಿ. ಓಡಿ ದಣಿದ ರಸೆಲ್ ಅಷ್ಟು ಬೊಗಳುವುದಿಲ್ಲ. ಬೊಗಳಿದಾಗ ನೀವೂ ಕಿರುಚಿದರೆ ನೀವು ಜೊತೆಗೂಡಿದಿರಿ ಅಂತ ತಿಳಿಯುತ್ತದೆ. ಕದಿನಕ್ಕೆ, ದೀಪಾವಳಿಗೆ, ಮನೆಯ ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಟಿವಿ ಹಾಕಿ, ಜೊತೆಗೆ ಒಬ್ಬರು ಕೂರಿ. ಆ ರಾತ್ರಿ ಅಂಗಳದಲ್ಲಿ ಬಿಡಲೇಬೇಡಿ, ಹೆದರಿ ಓಡಿದ ನಾಯಿ ಮೈಲುಗಟ್ಟಲೆ ಹೋಗುತ್ತದೆ.

ಕಲಿಸಿದರೆ ಕಲಿಯುತ್ತದಾ?

ಬಹಳ ಬೇಗ. ತನಗೆ ಅದರಿಂದ ಏನು ಸಿಗುತ್ತದೆ ಅನ್ನುವುದನ್ನೂ ಅಷ್ಟೇ ಬೇಗ ಲೆಕ್ಕ ಹಾಕುತ್ತದೆ. ಹೊಡೆದರೆ ಕೆಲಸ ಕೆಟ್ಟಿತು, ಸಣ್ಣ ತಿಂಡಿ, ಐದೈದು ನಿಮಿಷದ ಪಾಠ ಸಾಕು. ಎಲ್ಲಕ್ಕಿಂತ ಮೊದಲು ಕಲಿಸಬೇಕಾದ್ದು ಕರೆದರೆ ಬರುವುದು ಮತ್ತು ಬಾಯಲ್ಲಿದ್ದದ್ದನ್ನು ಬಿಡುವುದು. ನಮ್ಮ ಕಡೆ ಈ ಎರಡೇ ಅದರ ಜೀವ ಉಳಿಸುವುದು. ಎಷ್ಟು ಕಲಿತರೂ, ಹೆದ್ದಾರಿಯ ಬದಿಯಲ್ಲಿ ಹಗ್ಗ ಬಿಡಬೇಡಿ, ಒಂದು ಅಳಿಲು ಓಡಿದರೆ ಸಾಕು ನಿಮ್ಮ ಸ್ವರ ಅದರ ಕಿವಿಗೆ ಬೀಳುವುದಿಲ್ಲ.

ಟೆರಿಯರ್ ಬ್ಯಾನ್ ಆಗಿದೆಯಂತೆ, ಹೌದಾ?

ಇಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ 23 ಬಗೆಯ ನಾಯಿಗಳ ಮೇಲೆ ನಿರ್ಬಂಧ ಹಾಕಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಅದರಲ್ಲಿ ಪಿಟ್‌ಬುಲ್ ಹೆಸರಿನ ಜೊತೆ, ಯಾವುದು ಅಂತ ಬಿಡಿಸಿ ಹೇಳದೆ ಬರೀ ‘ಟೆರಿಯರ್’ ಅಂತಲೂ ಇದ್ದದ್ದರಿಂದ ಗೊಂದಲ ಆಯಿತು. ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ರದ್ದು ಮಾಡಿತು.

ಮರಿ ತರುವಾಗ ಏನು ನೋಡಬೇಕು?

ತಾಯಿಯನ್ನು ನೋಡಬೇಕು. ತಾಯಿ ತೋರಿಸದವರ ಹತ್ತಿರ ಮರಿ ತರಬೇಡಿ. ಎಂಟು ವಾರಕ್ಕೆ ಮೊದಲು ಮರಿ ಮಾರುವ ಹಾಗಿಲ್ಲ, 2017ರ ನಿಯಮ ಉಂಟು. ಕಿವಿ ಕೇಳುತ್ತದಾ ನೋಡಿ, ಬಿಳಿ ಜಾಸ್ತಿ ಇರುವ ತಳಿಗಳಲ್ಲಿ ಹುಟ್ಟು ಕಿವುಡು ಬರುವುದುಂಟು. ಮರಿಗೆ ಕಾಣದ ಹಾಗೆ ಹಿಂದೆ ನಿಂತು ಬೀಗದ ಕೈ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಹದಿನಾರು ವಾರದವರೆಗೆ ಬೂಸ್ಟರ್, ರೇಬಿಸ್ ಮೂರು ತಿಂಗಳಿಗೆ. ಬಾಲ ಕತ್ತರಿಸಿ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಬೇಟೆಯವರು ಬಿಲದಿಂದ ಎಳೆಯಲು ಹಿಡಿಯಷ್ಟು ಬಾಲ ಉಳಿಸುತ್ತಿದ್ದರು, ನಮಗೆ ಅದರಿಂದ ಏನೂ ಆಗಬೇಕಾದ್ದಿಲ್ಲ.

ಎಷ್ಟು ವರ್ಷ ಬದುಕುತ್ತದೆ? ಕಾಯಿಲೆಗಳು?

ಸಾಮಾನ್ಯವಾಗಿ 13ರಿಂದ 15 ವರ್ಷ, ಗಟ್ಟಿ ತಳಿ. ಮಂಡಿಚಿಪ್ಪು ಜಾರುವುದುಂಟು, ಮೂರು ಕಾಲಿನಲ್ಲಿ ನಾಲ್ಕು ಹೆಜ್ಜೆ ಕುಂಟಿ ಮತ್ತೆ ಸರಿಯಾಗಿ ಓಡಿದರೆ ಸಂಶಯಪಡಿ. ಹೆಚ್ಚು ಹೆದರಬೇಕಾದ್ದು ಕಣ್ಣಿನದು. ವಂಶದಿಂದ ಬರುವ ಒಂದು ದೋಷದಿಂದ ಕಣ್ಣಿನೊಳಗಿನ ಲೆನ್ಸ್ ತನ್ನ ಜಾಗ ಬಿಟ್ಟು ಜಾರುತ್ತದೆ, ಹೆಚ್ಚಾಗಿ ಮೂರರಿಂದ ಎಂಟು ವರ್ಷದ ಒಳಗೆ. ಕಣ್ಣು ಕೆಂಪು, ನೀರು, ಮಬ್ಬು, ಮುಚ್ಚಿಕೊಂಡೇ ಇರುವುದು ಕಂಡರೆ ಕಸ ಬಿದ್ದಿರಬೇಕು ಅಂತ ಡ್ರಾಪ್ಸ್ ಹಾಕಿ ಕಾಯಬೇಡಿ, ಅದೇ ದಿನ ತೋರಿಸಿ. ಒಂದೆರಡು ದಿನದಲ್ಲಿ ದೃಷ್ಟಿ ಹೋಗಬಹುದು. ತಂದೆ ತಾಯಿಗೆ ಈ ದೋಷದ ಜೀನ್ ಪರೀಕ್ಷೆ ಆಗಿದೆಯಾ ಅಂತ ಮರಿ ಕೊಡುವವರನ್ನು ಕೇಳಿ.

ಪಣಂಬೂರು, ಮಲ್ಪೆ ಬೀಚಿಗೆ ಕರೆದುಕೊಂಡು ಹೋಗಬಹುದಾ?

ಜನ ಇಲ್ಲದ ಹೊತ್ತು, ಹಗ್ಗ ಹಾಕಿಕೊಂಡು. ಕುಡಿಯುವ ನೀರು ಒಯ್ಯಿರಿ, ಉಪ್ಪುನೀರು ಕುಡಿದರೆ ವಾಂತಿ ಭೇದಿ. ಬಲೆಯಿಂದ ಕೊಡವಿ ಬಿಟ್ಟ ಮೀನುಗಳಲ್ಲಿ ಬಲೂನಿನಂತೆ ಉಬ್ಬುವ ಮೀನಿಗೆ ಬಾಯಿ ಹಾಕಲು ಬಿಡಬೇಡಿ, ಅದರ ವಿಷಕ್ಕೆ ಮದ್ದಿಲ್ಲ. ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆಯಿರಿ.

ಗುಡ್ಡೆಯಲ್ಲಿ ಬಿಲ ಹೊಕ್ಕು ಹೊರಗೆ ಬಾರದಿದ್ದರೆ?

ಮುಳ್ಳುಹಂದಿಯ ಬಿಲಗಳು ಗುಡ್ಡೆಯ ದರೆಗಳಲ್ಲಿ ಉಂಟು, ಹೊಕ್ಕರೆ ಗಂಟೆಗಟ್ಟಲೆ ಒಳಗೇ ಇರಬಲ್ಲದು. ಕೂಗಾಡಬೇಡಿ. ನಿಮ್ಮ ಸ್ವರ ಕೇಳಿದರೆ ನೀವು ಹುರಿದುಂಬಿಸುತ್ತಿದ್ದೀರಿ ಅಂತ ಇನ್ನೂ ಒಳಗೆ ಹೋಗುತ್ತದೆ. ಹೊಗೆ ಹಾಕುವುದು ಖಂಡಿತ ಬೇಡ, ಉಸಿರುಗಟ್ಟುವುದು ನಿಮ್ಮ ನಾಯಿಗೇ. ಬೇರೆ ಬಾಯಿಗಳನ್ನು ಮುಚ್ಚಬೇಡಿ, ಒಳಗಿರುವ ಪ್ರಾಣಿಗೆ ಹೊರಗೆ ಹೋಗಲು ದಾರಿ ಇರಲಿ. ನೆಲಕ್ಕೆ ಕಿವಿಯಿಟ್ಟು ಬೊಗಳುವ ಸದ್ದು ಎಲ್ಲಿಂದ ಬರುತ್ತದೆ ನೋಡಿ, ಗುರುತು ಮಾಡಿ. ಸದ್ದು ಒಂದೇ ಜಾಗದಲ್ಲಿ ನಿಂತು ಕ್ಷೀಣವಾಗುತ್ತಾ ಬಂದರೆ ಸಿಕ್ಕಿಕೊಂಡಿದೆ ಅಂತ ಅರ್ಥ. ಆಗ ನೇರ ಮೇಲಿನಿಂದ ಪಿಕ್ಕಾಸು ಹಾಕಬೇಡಿ, ಮಣ್ಣು ಅದರ ಮೇಲೆಯೇ ಕುಸಿಯುತ್ತದೆ. ಎರಡು ಮೂರು ಅಡಿ ಬದಿಯಿಂದ ಅಗೆದು ಹತ್ತಿರ ಹೋದ ಮೇಲೆ ಕೈಯಿಂದ ಮಣ್ಣು ತೆಗೆಯಿರಿ. ಮಳೆಗಾಲದಲ್ಲಿ ದರೆ ಜರಿಯುವ ಅಪಾಯ ಇರುವುದರಿಂದ ಒಬ್ಬರೇ ಹೋಗಬೇಡಿ. ಹೊರಬಂದ ಮೇಲೆ ಮೈಯಲ್ಲಿ ಮುಳ್ಳು ಚುಚ್ಚಿದ್ದರೆ ಮುರಿಯಬೇಡಿ, ಬಾಯಿಯೊಳಗೂ ನೋಡಿ, ಡಾಕ್ಟರ ಹತ್ತಿರ ಅರಿವಳಿಕೆ ಕೊಡಿಸಿ ತೆಗೆಸುವುದೇ ಸರಿ. ಗುಡ್ಡೆಗೆ ಹೋಗುವಾಗ ಇಪ್ಪತ್ತು ಅಡಿಯ ಹಗುರ ಹಗ್ಗ ಕಟ್ಟಿಕೊಂಡು ಹೋದರೆ ಇಷ್ಟೆಲ್ಲ ಆಗುವುದಿಲ್ಲ, ಕಾಡುಹಂದಿಗೆ ಅಂತ ಇಟ್ಟ ಉರುಳಿಗೆ ಬೀಳುವುದೂ ತಪ್ಪುತ್ತದೆ.